ಹೆಸರು ಬಿಡಿ, ಜಗಳ ಹಿಡಿಯಿರಿ: ಇಂದಿನ ತತ್ತ್ವಚಿಂತಕರನ್ನು ಹುಡುಕಿ ಓದುವ ಬಗೆ

ತತ್ತ್ವಶಾಸ್ತ್ರ ಓದಬೇಕೆಂಬ ಆಸೆ ಹುಟ್ಟಿದವರು ಮೊದಲು ಮಾಡುವ ಕೆಲಸ ಒಂದು ದಪ್ಪ ಪುಸ್ತಕ ಕೊಳ್ಳುವುದು. ನಾನೂ ಕೊಂಡಿದ್ದೆ. ಹಿಂಬದಿಯ ಹೊಗಳಿಕೆಯನ್ನು ನಂಬಿ ತಂದ ಆ ಪುಸ್ತಕದ ನಲವತ್ತನೆಯ ಪುಟದಲ್ಲಿ ಗುರುತಿಗೆಂದು ಇಟ್ಟ ಬಸ್ ಟಿಕೆಟ್ ಇಂದಿಗೂ ಅಲ್ಲೇ ಇದೆ. ಪುಸ್ತಕದ್ದೇನೂ ತಪ್ಪಿರಲಿಲ್ಲ. ಅದು ಯಾವ ಪ್ರಶ್ನೆಗೆ, ಯಾರಿಗೆ ಕೊಟ್ಟ ಉತ್ತರ ಎಂಬುದು ನನಗೆ ತಿಳಿದಿರಲಿಲ್ಲ. ಪಕ್ಕದ ಮನೆಯ ಜಗಳದಲ್ಲಿ ಒಬ್ಬರ ಧ್ವನಿ ಮಾತ್ರ ಗೋಡೆ ದಾಟಿ ಕೇಳಿಸಿದಂತಾಗಿತ್ತು.

ಶಂಕರ, ಪ್ಲೇಟೊ, ಕಾಂಟ್ ಮೊದಲಾದವರನ್ನು ಕಾಲವೇ ಸೋಸಿ ಕೊಟ್ಟಿದೆ. ಬದುಕಿರುವವರ ವಿಷಯದಲ್ಲಿ ಜರಡಿ ನಾವೇ ಹಿಡಿಯಬೇಕು.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಚಿಕ್ಕದು ಮಾಡಿ

ನಿಮ್ಮನ್ನು ಈಗಾಗಲೇ ಕಾಡುತ್ತಿರುವ ಒಂದು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ‘ಬದುಕಿನ ಅರ್ಥವೇನು’ ಎಂಬಂಥದ್ದು ಬೇಡ. ಅದಕ್ಕೆ ಸಿಗುವುದು ಶುಭೋದಯ ಸಂದೇಶಗಳೇ. ‘ದೂರದಲ್ಲಿ ಹಸಿದವರಿಗೆ ನಾನು ನೆರವಾಗದಿದ್ದರೆ ತಪ್ಪೇ?’ ಎಂಬಷ್ಟು ಚಿಕ್ಕದಿರಲಿ. ಇದೇ ಪ್ರಶ್ನೆಯನ್ನು ಹಿಡಿದು ಪೀಟರ್ ಸಿಂಗರ್ 1972ರಲ್ಲಿ ಹದಿನೈದು ಪುಟಗಳ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರ ಕಣ್ಣ ಮುಂದಿದ್ದವರು 1971ರ ಪೂರ್ವ ಬಂಗಾಳದ (ಇಂದಿನ ಬಾಂಗ್ಲಾದೇಶದ) ನಿರಾಶ್ರಿತರು. ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತಿಕೊಳ್ಳಲು ಬಟ್ಟೆ ಕೆಸರಾಗುತ್ತದೆಂದು ಹಿಂಜರಿಯುವುದಿಲ್ಲವಷ್ಟೇ, ಹಾಗಿದ್ದರೆ ದೂರವೊಂದೇ ಹೇಗೆ ನೆಪವಾದೀತು ಎಂದು ಅವರು ಕೇಳಿದರು. ಅರ್ಧ ಶತಮಾನ ಕಳೆದರೂ ಅವರಿಗೆ ಉತ್ತರ ಬರೆಯುವವರು ಬರೆಯುತ್ತಲೇ ಇದ್ದಾರೆ.

ಎರಡನೆಯದು: ಜಗಳ ಎಲ್ಲಿದೆ ನೋಡಿ

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಜಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಶ್ವಕೋಶ. 1995ರಲ್ಲಿ ಆರಂಭವಾದ ಇದು ಅಂತರಜಾಲದಲ್ಲಿ ಪೂರ್ತಿ ಉಚಿತ. ಪ್ರತಿ ಲೇಖನವನ್ನೂ ಆಯಾ ವಿಷಯದ ವಿದ್ವಾಂಸರೇ ಬರೆದು, ಕಾಲಕಾಲಕ್ಕೆ ತಿದ್ದುತ್ತಾರೆ. ಮೊದಲಿನಿಂದ ಕೊನೆಯವರೆಗೆ ಓದಲು ಹೋದರೆ ಮತ್ತೆ ಬಸ್ ಟಿಕೆಟ್ಟಿನ ಕಥೆಯೇ. ಪೀಠಿಕೆಯನ್ನು ಓದಿ, ನೇರವಾಗಿ ಆಕ್ಷೇಪಗಳ ಭಾಗಕ್ಕೆ ಹೋಗಿ. ಪರ ಮತ್ತು ವಿರೋಧ ಎರಡೂ ಕಡೆಯವರು ಯಾರ ಹೆಸರನ್ನು ಮತ್ತೆ ಮತ್ತೆ ಎತ್ತುತ್ತಾರೋ ಅದನ್ನು ಗುರುತು ಹಾಕಿಕೊಳ್ಳಿ. ಶಿಷ್ಯರ ಹೊಗಳಿಕೆಗಿಂತ ವಿರೋಧಿಯ ಅಡಿಟಿಪ್ಪಣಿ ಹೆಚ್ಚು ನಂಬಿಕಸ್ತ ಶಿಫಾರಸು.

ನನ್ನದೇ ಒಂದು ಹುಡುಕಾಟ ಹೇಳುತ್ತೇನೆ. ಒಬ್ಬರ ನೋವನ್ನು ಉಣ್ಣದವರು ಆ ನೋವಿನ ಬಗ್ಗೆ ಬರೆಯಬಹುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ದಲಿತ–ಬಂಡಾಯ ಸಾಹಿತ್ಯದ ದಿನಗಳಿಂದ ಕನ್ನಡದ ಓದುಗರು ಇದನ್ನು ಬಲ್ಲರು. ಯಾವ ಸಾಹಿತ್ಯ ಗೋಷ್ಠಿಯಲ್ಲೂ ಯಾರಾದರೊಬ್ಬರು ಇದನ್ನು ಎತ್ತಿಯೇ ಎತ್ತುತ್ತಾರೆ, ಅಷ್ಟರಲ್ಲಿ ಊಟದ ಹೊತ್ತಾಗುತ್ತದೆ. ಗೋಷ್ಠಿಯಾಚೆ ಈ ಜಗಳ ಎಲ್ಲಿ ನಡೆದಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಗೋಪಾಲ್ ಗುರು ಅವರು 2002ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದ ಪ್ರಬಂಧ. ಭಾರತದ ಸಮಾಜವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವ ‘ಬ್ರಾಹ್ಮಣ’ರೂ ಮಾಹಿತಿ ಒದಗಿಸುವ ‘ಶೂದ್ರ’ರೂ ಇದ್ದಾರೆ, ದಲಿತರು ತಮ್ಮ ಅನುಭವಕ್ಕೆ ತಾವೇ ಸಿದ್ಧಾಂತ ಕಟ್ಟಬೇಕು ಎಂಬುದು ಅವರ ನಿಲುವು. ಐದು ವರ್ಷಗಳ ನಂತರ ಅದೇ ಪತ್ರಿಕೆಯಲ್ಲಿ ಬೆಂಗಳೂರಿನ ಸುಂದರ್ ಸರುಕ್ಕೈ ಇದಕ್ಕೆ ಪ್ರತಿಕ್ರಿಯಿಸಿದರು. ಅನುಭವದ ಒಡೆತನ ಬೇರೆ, ಅದರ ಕರ್ತೃತ್ವ ಬೇರೆಯಲ್ಲವೇ ಎಂದು ಕೇಳಿದರು. ಸ್ವತಃ ಬಾಳಿದ ಅನುಭವವೆಂದರೆ ಬೇಡವೆಂದಾಗ ಎದ್ದು ಹೋಗಲಾಗದ ಅನುಭವ ಎಂಬ ಅವರ ವಿವರಣೆಯನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಟ ತಿರುಗಿಸಲಿಲ್ಲ. ಒಂದು ವಾರ ಕೊಳೆಗೇರಿಯಲ್ಲಿದ್ದು ಬರುವವರಿಗೂ ಅಲ್ಲೇ ಹುಟ್ಟಿದವರಿಗೂ ಇರುವ ಅಂತರ ಒಮ್ಮೆಗೇ ತಿಳಿಯಾಗಿತ್ತು.

ಇಬ್ಬರೂ ಸೇರಿ 2012ರಲ್ಲಿ ‘ದಿ ಕ್ರ್ಯಾಕ್ಡ್ ಮಿರರ್’ ಎಂಬ ಪುಸ್ತಕ ತಂದರು. ಒಂದೇ ರಟ್ಟಿನೊಳಗೆ ವಾದಿ, ಪ್ರತಿವಾದಿ ಇಬ್ಬರೂ. ಹೊಸಬರಿಗೆ ಇಂಥ ಪುಸ್ತಕ ಸಿಕ್ಕರೆ ಅರ್ಧ ದಾರಿ ಕಳೆದಂತೆಯೇ. ಅಲ್ಲಿಂದ ಅದೇ ಪ್ರಶ್ನೆ ನನ್ನನ್ನು ಮಿರಾಂಡಾ ಫ್ರಿಕರ್ ಬಳಿಗೆ ಒಯ್ದಿತು. ಕೇಳುವವರ ಪೂರ್ವಗ್ರಹದಿಂದ ಒಬ್ಬರ ಮಾತಿನ ತೂಕ ಕಡಿಮೆಯಾಗುವುದೂ, ತಮಗಾದದ್ದನ್ನು ಹೇಳಲು ಪದವೇ ಇಲ್ಲದಿರುವುದೂ ಅನ್ಯಾಯವೇ ಎಂದು ಅವರು 2007ರ ಪುಸ್ತಕದಲ್ಲಿ ವಾದಿಸುತ್ತಾರೆ. ಲೈಂಗಿಕ ಕಿರುಕುಳ ಎಂಬ ಹೆಸರು ಚಾಲ್ತಿಗೆ ಬರುವ ಮೊದಲು ಅದನ್ನು ಅನುಭವಿಸಿದ ಹೆಣ್ಣುಮಕ್ಕಳ ಸ್ಥಿತಿ ಅವರು ಕೊಡುವ ಉದಾಹರಣೆ. ಒಂದು ಪ್ರಶ್ನೆ, ಮೂವರು ಚಿಂತಕರು. ಯಾವ ‘ಶ್ರೇಷ್ಠ ಹತ್ತು’ ಪಟ್ಟಿಯೂ ಈ ಮೂವರನ್ನು ಒಟ್ಟಿಗೆ ಕೊಡುತ್ತಿರಲಿಲ್ಲ.

ಮೂರನೆಯದು: ಪೂರ್ವಪಕ್ಷ ಪರೀಕ್ಷೆ

ಹೆಸರು ಸಿಕ್ಕಿತು. ಓದಲು ಯೋಗ್ಯರೇ ಎಂದು ತಿಳಿಯುವುದು ಹೇಗೆ? ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿ ಇಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತದೆ: ತನ್ನ ನಿಲುವಾದ ಸಿದ್ಧಾಂತಕ್ಕೆ ಮೊದಲು ಎದುರಾಳಿಯ ವಾದವಾದ ಪೂರ್ವಪಕ್ಷ. ಪುಸ್ತಕದ ನಡುವಿನ ಹತ್ತು ಪುಟ ಓದಿ. ಎದುರಾಳಿಯ ವಾದವನ್ನು ಲೇಖಕರು ಹೇಗೆ ಇಟ್ಟಿದ್ದಾರೆ? ಆ ಎದುರಾಳಿಯೇ ಓದಿದರೂ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುವಂತಿದ್ದರೆ ಪುಸ್ತಕ ಮನೆಗೆ ತನ್ನಿ. ಒಂದೇ ಏಟಿಗೆ ಉರುಳುವ ಹುಲ್ಲಿನ ಬೆದರುಬೊಂಬೆ ನಿಲ್ಲಿಸಿದ್ದರೆ ಕಪಾಟಿಗೇ ಮರಳಿಸಿ, ಲೇಖಕರು ಎಷ್ಟೇ ಪ್ರಸಿದ್ಧರಾಗಿರಲಿ. ಕೊರಿಯಾ ಮೂಲದ ಜರ್ಮನ್ ಚಿಂತಕ ಬ್ಯೂಂಗ್-ಚುಲ್ ಹಾನ್ ಅವರ ಪುಟ್ಟ ಪುಸ್ತಕಗಳು ಓದಲು ಸೊಗಸು, ನಮ್ಮ ದಣಿವನ್ನು ಅವು ಬಣ್ಣಿಸುವ ರೀತಿ ಮನಸ್ಸಿಗೆ ನಾಟುತ್ತದೆ. ಆದರೆ ಈ ಪರೀಕ್ಷೆಯಲ್ಲಿ ನಾನು ಅವಕ್ಕೆ ಹೆಚ್ಚು ಅಂಕ ಕೊಡಲಾರೆ. ಕಷ್ಟದ ಭಾಷೆ ಆಳದ ಗುರುತು ಎಂಬ ಭ್ರಮೆಯೂ ಬೇಡ. ಕಲಕಿದ ಕೆರೆಯೂ ಆಳವಾಗಿಯೇ ಕಾಣುತ್ತದೆ.

ಇನ್ನು ಪ್ರಶಸ್ತಿಗಳು. ಸ್ವೀಡನ್ನಿನ ಶಾಕ್ ಪ್ರಶಸ್ತಿಯ ಪಟ್ಟಿ ಗಟ್ಟಿಯಾದದ್ದು, ಆದರೆ ಅದು ತರ್ಕಶಾಸ್ತ್ರದ ಕಡೆಗೆ ವಾಲುತ್ತದೆ. ಹತ್ತು ಲಕ್ಷ ಡಾಲರ್ ಮೊತ್ತದ ಬರ್ಗ್ರೂಯೆನ್ ಪ್ರಶಸ್ತಿ ಚಾರ್ಲ್ಸ್ ಟೇಲರ್, ಮಾರ್ಥಾ ನುಸ್‌ಬಾಮ್ ಅವರಿಗೂ ಸಂದಿದೆ, 2019ರಲ್ಲಿ ನ್ಯಾಯಮೂರ್ತಿಯೊಬ್ಬರಿಗೂ ಮರುವರ್ಷ ವೈದ್ಯರೊಬ್ಬರಿಗೂ ಸಂದಿದೆ. ನಮ್ಮ ಇನ್ಫೊಸಿಸ್ ಪ್ರಶಸ್ತಿ 2015ರಲ್ಲಿ ಜೊನಾರ್ಡನ್ ಗನೇರಿ ಅವರಿಗೆ ಬಂತು. ತರ್ಕಕ್ಕೆ ಹೆಸರಾದ ನಮ್ಮ ನ್ಯಾಯದರ್ಶನವನ್ನು ಇಂದಿನ ವಾದಗಳ ಜೊತೆ ಕೂರಿಸಿ ನೋಡುವ ಕುತೂಹಲವಿದ್ದರೆ ಅವರ ಬರಹ ಹುಡುಕಿ.

ನಾಲ್ಕನೆಯದು: ಪುಸ್ತಕಕ್ಕೆ ಮೊದಲು ಪ್ರಬಂಧ

ವಿಶ್ವವಿದ್ಯಾಲಯಗಳ ಪ್ರಕಾಶನದ ಪುಸ್ತಕಗಳ ಬೆಲೆ ನೋಡಿದರೆ ತತ್ತ್ವಚಿಂತನೆ ಅಲ್ಲಿಗೇ ನಿಲ್ಲುತ್ತದೆ. ಅದೃಷ್ಟಕ್ಕೆ ಈ ಕ್ಷೇತ್ರದಲ್ಲಿ ಒಳ್ಳೆಯ ವಿಚಾರಗಳು ಮೊದಲು ಪ್ರಬಂಧವಾಗಿಯೇ ಬರುತ್ತವೆ, ಅನೇಕರು ಅವುಗಳ ಕರಡನ್ನು ಉಚಿತವಾಗಿಯೇ ಹಂಚುತ್ತಾರೆ. ‘ಫಿಲ್‌ಪೇಪರ್ಸ್’ ಎಂಬ ಅಂತರಜಾಲ ಸೂಚಿಯಲ್ಲಿ ಲೇಖಕರ ಹೆಸರು ಹಾಕಿದರೆ ಬಹಳಷ್ಟು ಸಿಗುತ್ತದೆ. ಪುಸ್ತಕವೇ ಬೇಕೆಂದರೆ ‘ನಾಟರ್ ಡೇಮ್ ಫಿಲಾಸಫಿಕಲ್ ರಿವ್ಯೂಸ್’ ಎಂಬ ಜಾಲಪತ್ರಿಕೆಯಲ್ಲಿ ಅದರ ವಿಮರ್ಶೆಯನ್ನು ಮೊದಲು ನೋಡಿ; ಬರೆಯುವವರು ಅದೇ ಕ್ಷೇತ್ರದವರು, ದಾಕ್ಷಿಣ್ಯ ಕಡಿಮೆ. ಓದುವ ಮೊದಲು ಧ್ವನಿ ಕೇಳಬೇಕೆನ್ನುವವರಿಗೆ 2007ರಿಂದ ಬಂದಿರುವ ‘ಫಿಲಾಸಫಿ ಬೈಟ್ಸ್’ ಪಾಡ್‌ಕಾಸ್ಟ್ ಇದೆ. ಒಬ್ಬ ಚಿಂತಕರು, ಒಂದೇ ವಿಷಯ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೇಳಿ ಮುಗಿಸಬಹುದು.

ಇದೆಲ್ಲ ಹೆಚ್ಚೂಕಡಿಮೆ ಇಂಗ್ಲಿಷಿನಲ್ಲಿದೆ ಎಂಬುದು ನಿಜವಾದ ಅಡ್ಡಿ. ನಾನು ಕಂಡುಕೊಂಡ ಉಪಾಯ ಇಷ್ಟು: ಪ್ರತಿ ಪ್ರಬಂಧದ ಪೂರ್ವಪಕ್ಷ ಮತ್ತು ಸಿದ್ಧಾಂತವನ್ನು ನೋಟ್‌ಪುಸ್ತಕದಲ್ಲಿ ಎರಡೆರಡು ಸಾಲಿನ ಕನ್ನಡದಲ್ಲಿ ಬರೆಯುವುದು. ಬರೆಯಲಾಗದಿದ್ದರೆ ನನಗೆ ಅರ್ಥವಾಗಿಲ್ಲ, ಇಲ್ಲವೇ ಅಲ್ಲಿ ಅರ್ಥವೇ ಇಲ್ಲ. ಯಾವುದು ಎಂದು ತಿಳಿಯಲು ಇನ್ನೊಮ್ಮೆ ಓದುತ್ತೇನೆ, ಮೂರನೆಯ ಸಲ ಓದುವುದಿಲ್ಲ.

ಎಲ್ಲಿಂದ ಶುರು ಮಾಡುವುದೆಂದು ಇನ್ನೂ ತೋಚದಿದ್ದರೆ ಥಾಮಸ್ ನೇಗಲ್ ಅವರ 1974ರ ಪ್ರಬಂಧವಿದೆ. ಬಾವಲಿಯಾಗಿರುವುದು ಬಾವಲಿಗೆ ಹೇಗನ್ನಿಸುತ್ತದೆ ಎಂದು ಅದು ಕೇಳುತ್ತದೆ. ಹದಿನಾರೇ ಪುಟ, ಒಂದು ಭಾನುವಾರಕ್ಕೆ ಸಾಕು. ಸೋಮವಾರ ಅದನ್ನು ಒಪ್ಪದವರ ಹೆಸರು ಹುಡುಕಲು ಕೂರಬಹುದು.