ಮಳೆಯಿಂದ ಮೊದಲಾಗುವ ನಕ್ಷೆ: ಕಾಸರಗೋಡಿನಲ್ಲಿ ಹೊಸ ಮನೆಯನ್ನು ಯೋಜಿಸುವ ಕ್ರಮ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಬಂದು ಮುಗಿಯುತ್ತದೆ. ಆದರೂ ಹೊಸ ಮನೆಯ ಮಾತು ಬಂದಾಗ ನಮ್ಮಲ್ಲಿ ಮೊದಲು ಚರ್ಚೆಯಾಗುವುದು ಹೆಬ್ಬಾಗಿಲು ಯಾವ ದಿಕ್ಕಿಗೆ ಎಂಬುದು, ಆಮೇಲೆ ಕೋಣೆ ಎಷ್ಟು ಎಂಬುದು. ಮಳೆಯ ನೆನಪಾಗುವುದು ಗೃಹಪ್ರವೇಶ ಕಳೆದ ಮೇಲಿನ ಮೊದಲ ಆಟಿ ತಿಂಗಳಲ್ಲಿ (ತುಳುವರ ಲೆಕ್ಕದ ಜುಲೈ-ಆಗಸ್ಟ್), ಪಶ್ಚಿಮದ ಗೋಡೆ ಒಳಬದಿಯಲ್ಲಿ ಒದ್ದೆಯಾಗಿ ಕಂಡಾಗ. ಈ ಕ್ರಮವನ್ನು ತಿರುಗಿಸಿ, ಮೊದಲು ನೀರು, ಆಮೇಲೆ ಬಿಸಿಲು ಮತ್ತು ಗಾಳಿ, ಅನಂತರ ಕೋಣೆಗಳು, ಎಲ್ಲಕ್ಕೂ ಕೊನೆಯಲ್ಲಿ ಆಯಪಾಯ (ಮನೆಯ ಸುತ್ತಳತೆಯ ಶುಭಾಶುಭ ಲೆಕ್ಕ) ಎಂದು ಯೋಚಿಸಿದರೆ ಹಣವೂ ಉಳಿಯುತ್ತದೆ, ಸಂಪ್ರದಾಯಕ್ಕೂ ಧಕ್ಕೆ ಬರುವುದಿಲ್ಲ.

ಜಾಗವನ್ನು ಮಳೆಗಾಲದಲ್ಲಿ ನೋಡುವುದು

ಜಾಗ ಕೊಳ್ಳುವವರಾಗಲಿ, ಪಾಲಿಗೆ ಬಂದ ಜಾಗದಲ್ಲಿ ಕಟ್ಟುವವರಾಗಲಿ, ಜುಲೈ ತಿಂಗಳ ಒಂದು ಜೋರು ಮಳೆಯ ದಿನ ಅಲ್ಲಿ ನಿಂತು ನೋಡದೆ ನಕ್ಷೆ ಬರೆಸಬಾರದು. ಮೇಲಿನ ಗುಡ್ಡದ ನೀರು ಯಾವ ಕಡೆಯಿಂದ ಒಳಗೆ ಬರುತ್ತದೆ, ಯಾವ ಕಣಿಯಲ್ಲಿ (ಕಾಲುವೆಯಲ್ಲಿ) ಹೊರಗೆ ಹೋಗುತ್ತದೆ, ನೆಲದಿಂದಲೇ ಒರತೆ ಏಳುವ ಜಾಗ ಯಾವುದು ಎಂಬುದನ್ನು ಒಂದು ಕಾಗದದಲ್ಲಿ ಗುರುತಿಸಿಟ್ಟುಕೊಳ್ಳಬೇಕು. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು (ಲ್ಯಾಟರೈಟ್), ಅದರ ಕೆಳಗೆ ಮೆತ್ತಗಿನ ಶೇಡಿಮಣ್ಣು (ಜೇಡಿಮಣ್ಣು) ಇರುವುದು ಸಾಮಾನ್ಯ. ಮಳೆನೀರು ಮುರಕಲ್ಲಿನ ತೂತುಗಳ ಮೂಲಕ ಇಳಿದು, ಶೇಡಿಯನ್ನು ದಾಟಲಾರದೆ ಅಡ್ಡಕ್ಕೆ ಹರಿದು, ಇಳಿಜಾರಿನ ಕೆಳಭಾಗದಲ್ಲಿ ಹೊರಬರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟಂತೆ ಕಾಣುವ ಜಾಗವೇ ಮಳೆಗಾಲದಲ್ಲಿ ನೆಲದ ಟೈಲ್ಸಿನ ಸಂದಿಯಿಂದ ನೀರು ಒಸರುವ ಮನೆಯಾಗುವುದು ಇದರಿಂದಲೇ.

ಗುಡ್ಡವನ್ನು ಜೆಸಿಬಿಯಿಂದ ಕಡಿದು ತಟ್ಟು ಮಾಡುವ ಪದ್ಧತಿ ಈಗ ಎಲ್ಲೆಡೆ ಇದೆ. ಕಡಿದ ಬರೆಯಲ್ಲಿ, ಅಂದರೆ ನೆಟ್ಟಗೆ ಉಳಿದ ಮಣ್ಣಿನ ಗೋಡೆಯಲ್ಲಿ, ಶೇಡಿಮಣ್ಣು ತೆರೆದುಕೊಂಡರೆ ಅದು ನೀರು ಕುಡಿದು ಜರಿಯುತ್ತದೆ, ಮೇಲಿನ ಕಲ್ಲಿನ ಪದರವನ್ನೂ ತನ್ನೊಂದಿಗೆ ಎಳೆಯುತ್ತದೆ. ಆದುದರಿಂದ ಒಂದೇ ಎತ್ತರದ ದೊಡ್ಡ ಬರೆಗಿಂತ ಎರಡು ಮೆಟ್ಟಿಲಾಗಿ ಕಡಿದು, ಬರೆಯ ನೆತ್ತಿಯಲ್ಲಿ ನೀರನ್ನು ಬದಿಗೆ ತಿರುಗಿಸುವ ಕಣಿ ತೋಡುವುದು ಕ್ಷೇಮ. ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ಅಂತರವನ್ನು ಬರೆಗೂ ಮನೆಗೂ ನಡುವೆ ಬಿಡಬೇಕೆಂಬುದು ನನ್ನ ಅಭಿಪ್ರಾಯ, ಅಷ್ಟು ಬಿಡಲಾಗದ ಜಾಗದಲ್ಲಿ ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟುವುದು ಲೇಸು. ಚಾವಡಿಯಿಂದ ಊಟದ ಕೋಣೆಗೆ ಮೂರು ಮೆಟ್ಟಿಲು ಇಳಿಯುವುದು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ವಯಸ್ಸಾದವರ ಮಲಗುವ ಕೋಣೆ, ಬಚ್ಚಲು ಮತ್ತು ಊಟದ ಜಾಗ ಈ ಮೂರೂ ಒಂದೇ ಮಟ್ಟದಲ್ಲಿರಬೇಕು.

ಎಣ್ಮಕಜೆ, ಪಡ್ರೆ, ಬಾಯಾರು ಮೊದಲಾದ ಕಡೆಗಳಲ್ಲಿ ಇನ್ನೊಂದು ವಿಚಾರಣೆ ಅಗತ್ಯ. ಅಲ್ಲಿನ ಗುಡ್ಡಗಳೊಳಗೆ ಹಿರಿಯರು ನೀರಿಗಾಗಿ ತೋಡಿದ ಸುರಂಗಗಳಿವೆ, ಕೆಲವು ಈಗಲೂ ತೋಟಕ್ಕೂ ಮನೆಗೂ ನೀರು ಕೊಡುತ್ತಿವೆ, ಕೆಲವುಗಳ ಬಾಯಿ ಮುಚ್ಚಿಹೋಗಿ ಮನೆಯವರಿಗೂ ಮರೆತಿರುತ್ತವೆ. ನೆರೆಕರೆಯ ಹಿರಿಯರನ್ನು ಕೇಳಿ ಸುರಂಗದ ಜಾಡನ್ನು ತಿಳಿದು, ಅದರ ಮೇಲೆ ಪಂಚಾಂಗವಾಗಲಿ (ಮನೆಯ ಅಡಿಪಾಯ) ಸೆಪ್ಟಿಕ್ ಟ್ಯಾಂಕಾಗಲಿ ಬಾರದಂತೆ ನೋಡಬೇಕು. ಜಾಗದಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅದನ್ನೂ ಈ ಹಂತದಲ್ಲೇ ಕಾಗದದ ಮೇಲೆ ತರಬೇಕು. ನಕ್ಷೆ ಮುಗಿದ ಮೇಲೆ ಅದು ನೆನಪಾದರೆ ಆಗುವ ತಕರಾರು ಸಣ್ಣದಲ್ಲ.

ಬಯಲಿನ ಜಾಗವಾದರೆ ಕಾನೂನಿನ ಪ್ರಶ್ನೆ ಮೊದಲು. ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಡಾಟಾ ಬ್ಯಾಂಕಿನಲ್ಲಿ (ಗದ್ದೆ, ಜೌಗುಭೂಮಿಗಳ ಸರಕಾರಿ ಪಟ್ಟಿ) ಗದ್ದೆಯೆಂದು ದಾಖಲಾದ ಜಾಗವನ್ನು ಮಣ್ಣು ತುಂಬಿಸಿ ಮನೆ ಕಟ್ಟುವಂತಿಲ್ಲ. ಬೇರೆ ಜಾಗವಿಲ್ಲದ ಮಾಲೀಕನಿಗೆ ವಾಸದ ಮನೆಗಾಗಿ ಪಂಚಾಯತಿನಲ್ಲಿ 10 ಸೆಂಟ್, ನಗರಸಭೆಯಲ್ಲಿ 5 ಸೆಂಟ್‌ವರೆಗೆ ಷರತ್ತಿನ ಮೇಲೆ ವಿನಾಯಿತಿ ದೊರೆಯುವ ಅವಕಾಶವಿದೆ. ಮುಂಗಡ ಕೊಡುವ ಮುನ್ನ ಗ್ರಾಮ ಕಚೇರಿ ಮತ್ತು ಕೃಷಿ ಭವನದಲ್ಲಿ ಆ ಸರ್ವೆ ನಂಬರನ್ನು ವಿಚಾರಿಸುವುದಕ್ಕೆ ಅರ್ಧ ದಿನ ಸಾಕು.

ಬಿಸಿಲು ಮತ್ತು ಗಾಳಿ

ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ, ಉಳಿದ ಸುಮಾರು ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ 22ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 54 ಡಿಗ್ರಿ ಮಾತ್ರ. ಉತ್ತರ ಮತ್ತು ದಕ್ಷಿಣದ ಗೋಡೆಗಳಿಗೆ ಬೀಳುವ ಬಿಸಿಲು ಹೀಗೆ ಎತ್ತರದಿಂದ ಬರುವುದರಿಂದ ಸೂರಿನಿಂದ ತಡೆಯಬಹುದು: ದಕ್ಷಿಣದ 4 ಅಡಿ ಎತ್ತರದ ಕಿಟಕಿಗೆ ಹೆಚ್ಚುಕಡಿಮೆ 3 ಅಡಿ ಹೊರಚಾಚಿದ ಸೂರಿದ್ದರೆ ಡಿಸೆಂಬರಿನ ಮಧ್ಯಾಹ್ನದಲ್ಲೂ ಬಿಸಿಲು ಒಳಗೆ ಬಾರದು, ಉತ್ತರಕ್ಕೆ ಬಿಸಿಲಿನ ದೃಷ್ಟಿಯಿಂದ 1 ಅಡಿಯೇ ಸಾಕು. ಪಶ್ಚಿಮದ ಬಿಸಿಲು ಹಾಗಲ್ಲ. ಸಂಜೆ ನಾಲ್ಕರ ಮೇಲೆ ಅದು ಸೂರಿನ ಅಡಿಯಿಂದಲೇ ನುಗ್ಗಿ ಗೋಡೆಯನ್ನು ಕಾಯಿಸುತ್ತದೆ, ಕಾದ ಗೋಡೆ ಆ ಕಾವನ್ನು ರಾತ್ರಿ ಒಳಕ್ಕೆ ಬಿಡುತ್ತದೆ.

ಇದರಿಂದ ಒಂದು ನಿಯಮ ಸಿದ್ಧವಾಗುತ್ತದೆ. ಜಾಗ ಅನುಕೂಲವಿದ್ದಲ್ಲಿ ಮನೆಯ ಉದ್ದ ಪೂರ್ವ-ಪಶ್ಚಿಮವಾಗಿ ಇರಬೇಕು, ಅಂದರೆ ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖಮಾಡಿ, ಗಿಡ್ಡ ಗೋಡೆಗಳು ಮಾತ್ರ ಪೂರ್ವ-ಪಶ್ಚಿಮಕ್ಕೆ ಬರಬೇಕು. ಇದಕ್ಕೂ ಹೆಬ್ಬಾಗಿಲಿನ ದಿಕ್ಕಿಗೂ ವಿರೋಧವಿಲ್ಲ, ಗಿಡ್ಡ ಗೋಡೆಯಲ್ಲೂ ಪೂರ್ವದ ಬಾಗಿಲು ಇಡಬಹುದು. ಪಶ್ಚಿಮದ ಬದಿಗೆ ಮಲಗುವ ಕೋಣೆಯ ಬದಲು ಉಗ್ರಾಣ, ಮೆಟ್ಟಿಲು, ಬಚ್ಚಲುಗಳನ್ನು ತಂದರೆ ಅವೇ ಕಾವನ್ನು ತಡೆಯುತ್ತವೆ.

ತೊಡಕು ಇರುವುದು ಗಾಳಿಯಲ್ಲಿ. ಕುಂಬಳೆ, ಉಪ್ಪಳ, ಮಂಜೇಶ್ವರದಂತಹ ಕರಾವಳಿಯ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ತಂಪು ನೀಡುವ ಕಡಲಗಾಳಿ ಪಶ್ಚಿಮದಿಂದಲೇ ಬರುತ್ತದೆ, ಮಳೆಗಾಲದ ಎರಚಲೂ ನೈಋತ್ಯ ಮತ್ತು ಪಶ್ಚಿಮದಿಂದಲೇ ಹೊಡೆಯುತ್ತದೆ. ಬೇಕಾದದ್ದೂ ಬೇಡವಾದದ್ದೂ ಒಂದೇ ದಿಕ್ಕಿನಿಂದ ಬರುವಾಗ ಆ ಬದಿಯನ್ನು ಮುಚ್ಚಿಬಿಡುವುದೂ ತಪ್ಪು, ದೊಡ್ಡ ಗಾಜಿನ ಕಿಟಕಿ ಇಡುವುದೂ ತಪ್ಪು. ಪಶ್ಚಿಮಕ್ಕೆ 6 ಅಡಿಗೆ ಕಡಿಮೆಯಿಲ್ಲದ ಜಗಲಿ, ಅದರ ಮೇಲೆ ತಗ್ಗಾಗಿ ಇಳಿದ ಹಂಚಿನ ಮಾಡು, ಜಗಲಿಯ ಒಳಗೋಡೆಯಲ್ಲಿ ಕಿಟಕಿ, ಅದಕ್ಕೆ ಎದುರಾಗಿ ಪೂರ್ವದಲ್ಲಿ ಇನ್ನೊಂದು ಕಿಟಕಿ ಇಟ್ಟರೆ ಗಾಳಿ ಹಾದುಹೋಗುತ್ತದೆ, ನೀರೂ ಬಿಸಿಲೂ ಜಗಲಿಯಲ್ಲೇ ನಿಲ್ಲುತ್ತವೆ. ಪೇಟೆಯ ಪ್ಲಾನುಗಳಲ್ಲಿ ಈಗ ಮೆಚ್ಚುಗೆ ಪಡೆದಿರುವ, ಸೂರೇ ಇಲ್ಲದ ಪೆಟ್ಟಿಗೆಯಾಕಾರದ ಮುಂಭಾಗ ನಮ್ಮ ಮಳೆಗೆ ಹೇಳಿದ್ದಲ್ಲ. ಅಂತಹ ಮನೆಗಳ ತಾರಸಿಯ ಮೇಲೆ ಕೆಲವೇ ವರ್ಷಗಳಲ್ಲಿ ಶೀಟಿನ ಮಾಡು ಏಳುವುದನ್ನು ಯಾರೂ ನೋಡಬಹುದು. ಆ ಶೀಟಿನ ಖರ್ಚನ್ನು ಮೊದಲೇ ಇಳಿಜಾರು ಮಾಡಿಗೆ ಹಾಕುವುದು ವಿವೇಕ.

ಅಂಗಳ, ಚಾವಡಿ, ಅಡುಗೆಮನೆ

ಅಡಿಕೆ ಇರುವ ಕುಟುಂಬ ಕೋಣೆಗಳಿಗಿಂತ ಮೊದಲು ಅಂಗಳವನ್ನು ಗುರುತಿಸಬೇಕು. ಚಾಲಿ ಅಡಿಕೆ (ಹಣ್ಣಡಿಕೆಯನ್ನು ಸಿಪ್ಪೆಯೊಂದಿಗೆ ಒಣಗಿಸಿ ಮಾಡುವುದು) ಒಣಗಲು 40ರಿಂದ 45 ದಿನಗಳ ಒಳ್ಳೆಯ ಬಿಸಿಲು ಬೇಕು, ಆ ಕೆಲಸ ನಡೆಯುವ ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರುವುದರಿಂದ ಮನೆಯ ನೆರಳು ಉತ್ತರಕ್ಕೆ ಬೀಳುತ್ತದೆ. 4 ಮೀಟರ್ ಎತ್ತರದ ಮಾಡಿನ ನೆರಳು ಡಿಸೆಂಬರಿನ ನಡುಮಧ್ಯಾಹ್ನದಲ್ಲೇ ಸುಮಾರು 3 ಮೀಟರ್ ಉದ್ದವಿರುತ್ತದೆ, ಮಹಡಿ ಇದ್ದರೆ ಅದರ ಇಮ್ಮಡಿ. ಹಾಗಾಗಿ ಅಂಗಳ ದಕ್ಷಿಣಕ್ಕೋ ಪೂರ್ವಕ್ಕೋ ಇರಲಿ, ಉತ್ತರದ ಅಂಗಳ ಬಟ್ಟೆ ತೊಳೆಯುವುದಕ್ಕೆ ಮತ್ತು ಬೇಸಿಗೆಯ ಸಂಜೆ ಕುಳಿತುಕೊಳ್ಳುವುದಕ್ಕೆ ಒಳ್ಳೆಯದು. ಅಡಿಕೆಯಿಲ್ಲದ 10 ಸೆಂಟಿನ ಮನೆಗೆ ಈ ಲೆಕ್ಕ ಬೇಡ. ಅಲ್ಲಿ ತುಳಸಿಕಟ್ಟೆ, ವಾಹನ ಮತ್ತು ಬಾವಿ ಒಂದಕ್ಕೊಂದು ಅಡ್ಡಬಾರದಿದ್ದರೆ ಸಾಕು.

ಮನೆಯಲ್ಲಿ ಪೂಜೆ, ಶ್ರಾದ್ಧ, ತಂಬಿಲ (ನಾಗ, ದೈವಗಳಿಗೆ ಸಲ್ಲಿಸುವ ಸೇವೆ) ಮುಂತಾದವು ನಡೆಯುವ ಕುಟುಂಬಕ್ಕೆ ಚಾವಡಿಯೂ ಜಗಲಿಯೂ ಅಂಗಳದ ಚಪ್ಪರಕ್ಕೆ ನೇರವಾಗಿ ತೆರೆದುಕೊಳ್ಳಬೇಕು. ಎಲೆ ಹಾಕಿ ಕುಳಿತು ಉಣ್ಣಲು ಒಬ್ಬರಿಗೆ ಸುಮಾರು 2 ಅಡಿ ಅಗಲ ಬೇಕಾಗುವುದರಿಂದ 20 ಅಡಿ ಉದ್ದದ ಜಗಲಿಯಲ್ಲಿ ಒಂದು ಸಾಲಿಗೆ 10 ಜನ ಕೂರುತ್ತಾರೆ. ವರ್ಷಕ್ಕೆ ಒಂದೆರಡು ದಿನದ ನೆಂಟರಿಗಾಗಿ ನಾಲ್ಕೈದು ಮಲಗುವ ಕೋಣೆ ಕಟ್ಟುವುದಕ್ಕಿಂತ ಈ ಜಗಲಿಯನ್ನು ಉದ್ದ ಮಾಡುವುದು ಹೆಚ್ಚು ಉಪಯುಕ್ತ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ನೆಲೆಸಿ, ಹಿರಿಯರಿಬ್ಬರೇ ಉಳಿಯುವ ಮನೆಗಳು ಹೆಚ್ಚುತ್ತಿರುವಾಗ ಗುಡಿಸಿ ಒರೆಸುವ ನೆಲ ಕಡಿಮೆಯಿದ್ದಷ್ಟೂ ಒಳ್ಳೆಯದು. ಮಹಡಿ ಬೇಕೇ ಬೇಕೆಂದರೆ ಅದಕ್ಕೆ ಹೊರಗಿನಿಂದಲೂ ದಾರಿಯಿರುವಂತೆ ಮೆಟ್ಟಿಲು ಇಟ್ಟು, ಮುಂದೆ ಬಾಡಿಗೆಗೆ ಕೊಡುವ ಅವಕಾಶ ಉಳಿಸಿಕೊಳ್ಳಬಹುದು.

ಅಡುಗೆಮನೆಯ ವಿಷಯದಲ್ಲಿ ಗಡಿನಾಡಿನವರಿಗೆ ಮಾತ್ರ ಬರುವ ಒಂದು ಇಕ್ಕಟ್ಟಿದೆ. ಪುತ್ತೂರು, ಮಂಗಳೂರು ಕಡೆಯ ನೆಂಟರು ಅಡುಗೆಮನೆ ಆಗ್ನೇಯದಲ್ಲಿರಬೇಕು ಎನ್ನುತ್ತಾರೆ, ಕೇರಳದ ತಚ್ಚುಶಾಸ್ತ್ರದ (ಅಲ್ಲಿನ ವಾಸ್ತುಶಾಸ್ತ್ರದ) ರೀತಿಯಲ್ಲಿ ನೋಡುವ ಆಚಾರಿಯವರು ಈಶಾನ್ಯವನ್ನು ಹೇಳುತ್ತಾರೆ. ಗಾಳಿಯ ಲೆಕ್ಕದಲ್ಲಿ ನೋಡಿದರೆ ಎರಡೂ ಪೂರ್ವದ ಬದಿಯೇ, ನೈಋತ್ಯದ ಮಳೆಗಾಳಿ ಬೀಸುವಾಗ ಒಲೆಯ ಹೊಗೆ ಮನೆಯೊಳಗೆ ತಿರುಗದೆ ಹೊರಗೇ ಹೋಗುವ ಜಾಗಗಳು. ಈಶಾನ್ಯದಲ್ಲಿಟ್ಟರೆ ಮಧ್ಯಾಹ್ನದ ದಕ್ಷಿಣದ ಬಿಸಿಲೂ ತಪ್ಪುತ್ತದೆ, ಸಾಮಾನ್ಯವಾಗಿ ಅದೇ ಬದಿಗೆ ತೋಡುವ ಬಾವಿಗೂ ಹತ್ತಿರವಾಗುತ್ತದೆ. ಆದುದರಿಂದ ನನ್ನ ಒಲವು ಈಶಾನ್ಯಕ್ಕೆ, ಆದರೆ ಜಾಗದ ಇಳಿಜಾರು ಆಗ್ನೇಯವನ್ನೇ ಕೇಳಿದರೆ ಜಗಳಕ್ಕೆ ಕಾರಣವಿಲ್ಲ. ಅಡುಗೆಮನೆಗೆ ಅಂಟಿಕೊಂಡು ಕಟ್ಟಿಗೆ ಒಲೆ, ತೆಂಗಿನಕಾಯಿ ತುರಿಯುವುದು, ಹಲಸಿನ ಕಾಯಿ ಕೊರೆಯುವುದು ಇವಕ್ಕೆಲ್ಲ ಒಂದು ಹಿಂಜಗಲಿಯನ್ನು, ಇಲ್ಲಿನ ಮಾತಿನಲ್ಲಿ ವರ್ಕ್ ಏರಿಯಾವನ್ನು, ಮೊದಲೇ ಸೇರಿಸಬೇಕು. ನಕ್ಷೆಯಲ್ಲಿ ಬಿಟ್ಟುಹೋದರೂ ಇದನ್ನು ಆಮೇಲೆ ಎಲ್ಲರೂ ಕಟ್ಟಿಯೇ ಕಟ್ಟುತ್ತಾರೆ, ಆಗ ಅದು ಅಡುಗೆಮನೆಯ ಬೆಳಕನ್ನು ನುಂಗುತ್ತದೆ.

ಆಯಪಾಯವನ್ನು ಕೊನೆಗೆ ಕೂಡಿಸುವುದು

ಆಯವನ್ನು ಕೊನೆಗೆ ಇಡಬಹುದೆಂದು ಹೇಳುವುದಕ್ಕೆ ಆ ಲೆಕ್ಕವೇ ಆಧಾರ. ಕೇರಳದ ಪದ್ಧತಿಯಲ್ಲಿ ಒಂದು ಕೋಲು ಎಂದರೆ 24 ಅಂಗುಲ, ಇಂದಿನ ಅಳತೆಯಲ್ಲಿ 72 ಸೆಂ.ಮೀ. ಮನೆಯ ಸುತ್ತಳತೆಯನ್ನು ಕೋಲಿನಲ್ಲಿ ತೆಗೆದು, ಮೂರರಿಂದ ಗುಣಿಸಿ, ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಯೋನಿ: 1 ಬಂದರೆ ಧ್ವಜ, 3 ಸಿಂಹ, 5 ವೃಷಭ, 7 ಗಜ, ಇವು ಗ್ರಾಹ್ಯ. ಸಮಸಂಖ್ಯೆಗಳು ತ್ಯಾಜ್ಯ. ಉದಾಹರಣೆಗೆ 43 ಕೋಲು, ಅಂದರೆ 30.96 ಮೀಟರ್ ಸುತ್ತಳತೆಗೆ 129 ಬಂದು, ಶೇಷ 1 ಉಳಿದು, ಧ್ವಜವಾಗುತ್ತದೆ. ಈ ಲೆಕ್ಕದಲ್ಲಿ ಸುತ್ತಳತೆ 8 ಅಂಗುಲ, ಅಂದರೆ 24 ಸೆಂ.ಮೀ. ಹೆಚ್ಚಿದರೆ ಯೋನಿ ಒಂದು ಸಂಖ್ಯೆ ಮುಂದೆ ಹೋಗುತ್ತದೆ. ಆಯತಾಕಾರದ ಮನೆಯ ಉದ್ದವನ್ನು ಕೇವಲ 12 ಸೆಂ.ಮೀ. ಹಿಗ್ಗಿಸಿದರೆ ಸಮಸಂಖ್ಯೆ ಬೆಸಸಂಖ್ಯೆಯಾಗುತ್ತದೆ. ಬಿಸಿಲು, ಮಳೆಗೆ ಹೊಂದುವಂತೆ ಬರೆದ ಒಳ್ಳೆಯ ನಕ್ಷೆಯನ್ನು ಆಯಕ್ಕಾಗಿ ತಿರುಗಾಮುರುಗಾ ಮಾಡುವ ಅಗತ್ಯ ಬೀಳುವುದೇ ಇಲ್ಲ. ಸುತ್ತಳತೆಯನ್ನು ಎಲ್ಲಿಂದ ಹಿಡಿಯಬೇಕೆಂಬುದನ್ನು ಮಾತ್ರ ಆಚಾರಿಯವರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು, ಏಕೆಂದರೆ ಗಾರೆ ಸೇರಿದ ಮುರಕಲ್ಲಿನ ಗೋಡೆಯ ದಪ್ಪವೇ ಸುಮಾರು 9 ಇಂಚು ಬರುತ್ತದೆ.

ಬಾವಿ, ಟ್ಯಾಂಕು, ಗುರುತು ಹಾಕುವುದು

ಸೆಪ್ಟಿಕ್ ಟ್ಯಾಂಕು ಮತ್ತು ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರದಲ್ಲಿರಬೇಕೆಂದು ಕಟ್ಟಡ ನಿಯಮವಿದೆ. ನೆರೆಮನೆಯ ಬಾವಿಗೂ ಅದು ಅನ್ವಯಿಸುತ್ತದೆ. ಮುರಕಲ್ಲಿನಲ್ಲಿ ನೀರು ಬೇಗ ಇಳಿದುಹೋಗುವುದರಿಂದ ಅಂತರದ ಜೊತೆಗೆ ಇಳಿಜಾರನ್ನೂ ಗಮನಿಸಿ, ಬಾವಿ ಮೇಲ್ಬದಿಗೆ, ಟ್ಯಾಂಕು ಕೆಳಬದಿಗೆ ಬರುವಂತೆ ನೋಡಬೇಕು. ಮಾಡಿನ ನೀರನ್ನು ಬಾವಿಗೆ ಬಿಡುವ ಪೈಪಿನ ದಾರಿಯೂ ನಕ್ಷೆಯಲ್ಲಿರಲಿ: 100 ಚದರ ಮೀಟರ್ ಮಾಡಿನ ಮೇಲೆ ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ನೀರು ಬೀಳುತ್ತದೆ. ರಸ್ತೆಯಿಂದ, ಗಡಿಯಿಂದ ಬಿಡಬೇಕಾದ ಅಂತರಗಳನ್ನು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಲ್ಲಿ ಹೇಳಿದೆ. ಅವುಗಳಿಗೆ ಆಗಾಗ ತಿದ್ದುಪಡಿಯಾಗುವುದರಿಂದ ನಕ್ಷೆ ಸಲ್ಲಿಸುವ ಎಂಜಿನಿಯರರಿಂದ ಇಂದಿನ ಅಳತೆಯನ್ನೇ ಕೇಳಿ ತಿಳಿಯಬೇಕು.

ದಿಕ್ಕನ್ನು ಮೊಬೈಲಿನ ದಿಕ್ಸೂಚಿಯೊಂದನ್ನೇ ನಂಬಿ ಗುರುತಿಸಬಾರದು, ಹತ್ತಿರದ ವಾಹನವೋ ಕಬ್ಬಿಣದ ಸರಳೋ ಅದನ್ನು ತಪ್ಪಿಸುತ್ತದೆ. ಸಮತಟ್ಟಾದ ನೆಲದಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು, ಅದರ ಸುತ್ತ ವೃತ್ತ ಬರೆದು, ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವ ಬಿಂದುವನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ ರೇಖೆ ದೊರೆಯುತ್ತದೆ. ಆ ರೇಖೆಯ ಮೇಲೆ ಗೂಟ ಹೊಡೆದು, 3, 4, 5 ಅಳತೆಯ ಹಗ್ಗದ ತ್ರಿಕೋನದಿಂದ ಮೂಲೆಯನ್ನು ಲಂಬಮಾಡಿ, ಇಡೀ ಮನೆಯನ್ನು ಸುಣ್ಣದ ಗೆರೆಯಲ್ಲಿ ನೆಲದ ಮೇಲೆ ಬರೆಯಬೇಕು. ಮನೆಯವರೆಲ್ಲ ಅದರೊಳಗೆ ನಡೆದಾಡಿ, ಮಂಚವಿಡುವ ಜಾಗ, ಬಾಗಿಲು ತೆರೆಯುವ ಬದಿ, ಅಡುಗೆಮನೆಯಿಂದ ಬಾವಿಗೆ ಹೋಗುವ ದಾರಿ ಇವನ್ನು ನೋಡಲಿ. ಬದಲಾವಣೆಗಳೆಲ್ಲ ಮುಗಿದ ಮೇಲೆ ಎರಡು ಕರ್ಣಗಳನ್ನು ಅಳೆದು, ಅವು ಸಮವಾಗಿ ಬರುವವರೆಗೆ ಗೂಟಗಳನ್ನು ಸರಿಸಬೇಕು. ಅದಕ್ಕೆ ಮುಂಚೆ ಪಂಚಾಂಗ ಅಗೆಯುವವರನ್ನು ಕರೆಯಬಾರದು.