ಹೆಬ್ಬಾಳದ ಏರಿನಲ್ಲಿ ಒಂದಕ್ಕೆ ಒಂದು

ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮರುವರ್ಷ, ಅಂದರೆ 2009ರಲ್ಲಿ, ನಾನು ಟ್ಯಾಕ್ಸಿ ಓಡಿಸಲು ತೊಡಗಿದೆ. ಅಂದಿನಿಂದ ಕೆಲಸವಿರುವ ದಿನಗಳಲ್ಲಿ ಎರಡು ಸಲವಾದರೂ ಹೆಬ್ಬಾಳದ ಮೇಲ್ಸೇತುವೆ ಹತ್ತಿಳಿದಿದ್ದೇನೆ. ಆ ಸೇತುವೆಯ ಮೇಲೆ ನಾನು ಆಡಿದ ಮಾತುಗಳಲ್ಲಿ ಮನೆಯವರೆದುರು ಆಡಬಹುದಾದವು ಮೊದಲ ಎಂಟು ವರ್ಷಗಳಲ್ಲಿ ಬಹಳ ಕಡಿಮೆ ಇದ್ದವು. ಈಗ ಆ ಸ್ಥಿತಿ ಇಲ್ಲ. ಅದು ಹೇಗೆ ಬದಲಾಯಿತು ಎಂಬುದನ್ನು, ನನ್ನಂತೆಯೇ ದಿನವಿಡೀ ಸ್ಟಿಯರಿಂಗ್ ಹಿಡಿದು ಬದುಕುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಹೆಬ್ಬಾಳದ ಕಷ್ಟ ಅಲ್ಲಿ ಓಡಾಡಿದವರಿಗೆ ಗೊತ್ತು. ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆಯಿಂದ ಅಗಲವಾಗಿ ಹರಿದು ಬರುವ ವಾಹನಗಳ ಪ್ರವಾಹ ಸೇತುವೆ ಏರುವಷ್ಟರಲ್ಲಿ ಕಿರಿದಾಗಬೇಕು. ಅದು ಸಾಲದೆಂಬಂತೆ ಹೊರವರ್ತುಲ ರಸ್ತೆಯಲ್ಲಿ ಕೆ.ಆರ್.ಪುರದ ಕಡೆಯಿಂದ ಬಂದವರು ಲೂಪ್ ಹತ್ತಿ ಎಡಗಡೆಯಿಂದ ಸೇರಿಕೊಳ್ಳುತ್ತಾರೆ. ಸೇತುವೆ ಇಳಿದು ಉಸಿರು ಬಿಡುವ ಮೊದಲೇ ಸರ್ವೀಸ್ ರಸ್ತೆಯಿಂದ ಬಸ್ಸುಗಳೂ ಆಟೋಗಳೂ ಮೂತಿ ತೂರಿಸುತ್ತವೆ. ಎರಡು ಸಾಲು ಒಂದಾಗುವ ಜಾಗದಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಸಿಗ್ನಲ್ ಇರುವ ವೃತ್ತದಲ್ಲಿ ಕೆಂಪು ದೀಪವನ್ನು ಬೈದುಕೊಂಡು ಸುಮ್ಮನಾಗಬಹುದು. ಇಲ್ಲಿ ಬೈಯಲು ಸಿಗುವುದು ಪಕ್ಕದ ಗಾಡಿಯವನು ಮಾತ್ರ.

2017ರ ಮಳೆಗಾಲದ ಒಂದು ಸೋಮವಾರ ಬೆಳಿಗ್ಗೆ ದೆಹಲಿಯಿಂದ ಬಂದಿಳಿದ ಹಿರಿಯರೊಬ್ಬರನ್ನು ಕೂರಿಸಿಕೊಂಡು ಜಯನಗರಕ್ಕೆ ಹೊರಟಿದ್ದೆ. ಲೂಪ್ ಸೇರುವ ಕಡೆ ಬೂದು ಬಣ್ಣದ ಸಣ್ಣ ಕಾರೊಂದು ನನ್ನ ಎಡಕ್ಕೆ, ಅರ್ಧ ಗಾಡಿಯಷ್ಟು ಮುಂದೆ, ನನ್ನ ಸಾಲಿಗೆ ಬರಲು ನೋಡುತ್ತಿತ್ತು. ನಾನು ಬಿಡಲಿಲ್ಲ. ಮುಂದಿನ ಗಾಡಿ ಒಂದು ಅಡಿ ಸರಿದರೆ ನಾನೂ ಒಂದು ಅಡಿ ಸರಿದೆ. ಅವನೂ ಹಟ ಬಿಡಲಿಲ್ಲ. ಕನ್ನಡಿಗೆ ಕನ್ನಡಿ ತಗುಲಿ, ನನ್ನದು ಮುರಿದು ತಂತಿಯಲ್ಲಿ ನೇತಾಡಿತು. ಇಳಿದೆ. ಅವನೂ ಇಳಿದ. ಒಂಬತ್ತು ನಿಮಿಷ ಸೇತುವೆಯ ಮೇಲೆ ನಿಂತು ಇಬ್ಬರೂ ಕೂಗಾಡಿದೆವು; ನನ್ನ ಕೈ ಅವನ ಅಂಗಿಯ ಕಾಲರಿನವರೆಗೂ ಹೋಗಿತ್ತು. ಹಿಂದಿನಿಂದ ಬಂದ ಹಾರನ್ನುಗಳ ಸದ್ದಿಗೆ ಹೆದರಿ ಗಾಡಿ ಹತ್ತಿದಾಗ ಹಿರಿಯರು ಏನೂ ಹೇಳಲಿಲ್ಲ. ಮೇಖ್ರಿ ವೃತ್ತ ದಾಟಿದ ಮೇಲೆ, "ಎಡಗಡೆ ನಿಲ್ಲಿಸಪ್ಪ, ಬೇರೆ ಗಾಡಿ ನೋಡ್ಕೋತೀನಿ," ಎಂದು ಪೂರ್ತಿ ಬಾಡಿಗೆ ಕೊಟ್ಟು ಇಳಿದರು. ಕೊಡದೆ ಇಳಿದಿದ್ದರೆ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ.

ಆ ಹೊತ್ತಿಗೆ ಗಾಡಿಗೆ ಡ್ಯಾಶ್‌ಕ್ಯಾಮ್ ಹಾಕಿಸಿ ಮೂರು ತಿಂಗಳಾಗಿತ್ತು. ಬೇರೆಯವರ ತಪ್ಪು ತೋರಿಸಲೆಂದೇ ಹಾಕಿಸಿದ್ದು. ರಾತ್ರಿ ಊಟವಾದ ಮೇಲೆ ಆ ಬೂದು ಕಾರಿನವನ ದುಂಡಾವರ್ತನೆಯನ್ನು ಹೆಂಡತಿಗೆ ತೋರಿಸಲು ಕುಳಿತೆ. ಆಕೆ ಎರಡು ಸಲ ನೋಡಿ, "ಅವನು ಮೊದಲಿಂದ್ಲೂ ಇಂಡಿಕೇಟರ್ ಹಾಕ್ಕೊಂಡೇ ಇದಾನಲ್ಲ ರೀ," ಎಂದಳು. ನಾನು ಎಣಿಸಿದೆ. ಕನ್ನಡಿ ತಗಲುವ ಮೊದಲು ಅವನ ದೀಪ ಹದಿನಾಲ್ಕು ಸಲ ಮಿನುಗಿತ್ತು. ಮೊದಲ ಮಿನುಗು ಕಾಣುವಾಗ ನನ್ನ ಮುಂದೆ ಒಂದೂವರೆ ಕಾರು ಹಿಡಿಯುವಷ್ಟು ಜಾಗವಿತ್ತು. ನಾಲ್ಕನೆಯ ಮಿನುಗಿನ ಹೊತ್ತಿಗೆ ಅದನ್ನು ನಾನು ಮುಚ್ಚಿದ್ದೆ. ಅಂದರೆ ಅವನು ನುಗ್ಗಿದ್ದಲ್ಲ. ಕೇಳಿದವನಿಗೆ ನಾನು ಬಾಗಿಲು ಹಾಕಿದ್ದೆ. ಧ್ವನಿಯೂ ದಾಖಲಾಗಿತ್ತು. ಪಕ್ಕದ ಕೋಣೆಯಲ್ಲಿ ಮಗಳು ಓದುತ್ತಿದ್ದುದರಿಂದ ಅದನ್ನು ಪೂರ್ತಿ ಕಡಿಮೆ ಮಾಡಬೇಕಾಯಿತು.

ಅಂದಿನಿಂದ ವಾರಕ್ಕೊಮ್ಮೆ ನನ್ನದೇ ಚಿತ್ರಿಕೆಗಳನ್ನು ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ನೋಡುತ್ತಾ ಹೋದಂತೆ ನನಗೆ ಸಿಟ್ಟು ಬರುವುದು ಎಲ್ಲಿ ಎಂಬುದು ಗೊತ್ತಾಯಿತು. ಗಾಡಿ ತಾಗುವ ಭಯದಿಂದ ಬರುವ ಸಿಟ್ಟು ಅದಾಗಿರಲಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ, ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಮುಂದೆ, ದೇವರ ದರ್ಶನದ ಸಾಲಿನಲ್ಲಿ ನಿಂತು ಬೆಳೆದ ನಮಗೆ ಸಾಲು ತಪ್ಪಿಸಿ ಮುಂದೆ ಹೋಗುವವನು ಕಳ್ಳನಂತೆ ಕಾಣುತ್ತಾನೆ. ನಾನು ಅರ್ಧ ಕಿಲೋಮೀಟರ್ ಹಿಂದೆಯೇ ಸಾಲು ಹಿಡಿದು ನಿಂತಿರುವಾಗ, ಪಕ್ಕದ ಖಾಲಿ ಪಥದಲ್ಲಿ ಸಲೀಸಾಗಿ ಬಂದು ತುದಿಯಲ್ಲಿ ಒಳಗೆ ಸೇರುವವನನ್ನು ಕಂಡರೆ ಮೈ ಉರಿಯುವುದು ಅದಕ್ಕೇ. ಆದರೆ ರಸ್ತೆ ಟಿಕೆಟ್ ಕಿಟಕಿಯಲ್ಲ. ಎಲ್ಲರೂ ಅರ್ಧ ಕಿಲೋಮೀಟರ್ ಹಿಂದೆಯೇ ಒಂದು ಸಾಲಾದರೆ ಉಳಿದ ಪಥ ಖಾಲಿ ಬಿದ್ದಿರುತ್ತದೆ, ಸಾಲು ಎರಡರಷ್ಟು ಉದ್ದವಾಗಿ ಹಿಂದಿನ ತಿರುವುಗಳನ್ನೂ ಕಟ್ಟಿಹಾಕುತ್ತದೆ. ಎರಡೂ ಪಥಗಳನ್ನು ತುದಿಯವರೆಗೆ ಬಳಸಿ, ಅಲ್ಲಿ ಆ ಸಾಲಿನಿಂದ ಒಂದು, ಈ ಸಾಲಿನಿಂದ ಒಂದು ಎಂದು ಜಿಪ್‌ನ ಹಲ್ಲುಗಳು ಕೂಡಿಕೊಳ್ಳುವಂತೆ ಸೇರುವುದೇ ಸರಿಯಾದ ಕ್ರಮ. ಜರ್ಮನಿಯಲ್ಲಿ ಇದು ಕಾನೂನು. ಅಲ್ಲಿನ ಸಂಚಾರ ನಿಯಮದ 7ನೆಯ ಕಲಮಿನಲ್ಲಿಯೇ ಪಥ ಮುಗಿಯುವ ಕಡೆ ಹೀಗೆ ಒಂದೊಂದಾಗಿ ಸೇರಬೇಕೆಂದು ಬರೆದಿದ್ದಾರೆ. ಅಮೆರಿಕದ ಮಿನೆಸೋಟಾ ರಾಜ್ಯದ ಸಾರಿಗೆ ಇಲಾಖೆ, ಇದರಿಂದ ಸಾಲಿನ ಉದ್ದ ಶೇ. 40ರವರೆಗೂ ಕಡಿಮೆಯಾಗುತ್ತದೆ ಎಂದು ತನ್ನ ಚಾಲಕರಿಗೆ ಹೇಳುತ್ತದೆ. ಅಂದರೆ ಎಂಟು ವರ್ಷ ನಾನು ಕಳ್ಳರೆಂದು ಬೈದವರಲ್ಲಿ ಹಲವರು ರಸ್ತೆಯನ್ನು ಸರಿಯಾಗಿಯೇ ಬಳಸುತ್ತಿದ್ದರು.

ಇಲ್ಲಿ ಒಂದು ಭೇದವನ್ನು ಹೇಳಲೇಬೇಕು. ಮುಖ್ಯರಸ್ತೆಗೆ ಬದಿಯ ರಸ್ತೆಯಿಂದ ಸೇರುವವನು ಮುಖ್ಯರಸ್ತೆಯಲ್ಲಿರುವವರಿಗೆ ದಾರಿ ಬಿಡಬೇಕು. ನಮ್ಮ ನಿಯಮ ಹೇಳುವುದು ಅದನ್ನೇ. ಸರ್ವೀಸ್ ರಸ್ತೆಯಿಂದ ಬರುವವನಿಗೆ ನಾನು ಜಾಗ ಕೊಟ್ಟರೆ ಅದು ನನ್ನ ಸೌಜನ್ಯ, ಅವನ ಹಕ್ಕಲ್ಲ. ಒಂದೇ ರಸ್ತೆಯ ಎರಡು ಪಥಗಳು ಒಂದಾಗುವ ಕಡೆ ಮಾತ್ರ ಇಬ್ಬರೂ ಸಮಾನರು. ಈ ಎರಡನ್ನೂ ಬೆರೆಸಿದ್ದರಿಂದಲೇ ನಾನು ಎಲ್ಲ ಕಡೆಯೂ ನ್ಯಾಯಾಧೀಶನಾಗಿ ಕುಳಿತಿದ್ದೆ.

ಆಮೇಲೆ ನಷ್ಟವನ್ನು ಲೆಕ್ಕ ಹಾಕಿದೆ. ಸೇತುವೆಯ ಮೇಲಿನ ಒಂದು ದೀಪದ ಕಂಬವನ್ನು ಗುರುತಾಗಿಟ್ಟುಕೊಂಡು ಮುಂದಿನ ಗಾಡಿ ಅದನ್ನು ದಾಟಿದ ಮೇಲೆ ನಾನು ದಾಟಲು ಎಷ್ಟು ಹೊತ್ತಾಗುತ್ತದೆ ಎಂದು ಒಂದು ತಿಂಗಳು ಎಣಿಸಿದೆ. ಸಾಲು ಹರಿಯುತ್ತಿದ್ದರೆ ಎರಡು ಸೆಕೆಂಡು, ತೆವಳುತ್ತಿದ್ದರೆ ಮೂರು, ನಾಲ್ಕು. ಒಂದು ಕಾರನ್ನು ಒಳಗೆ ಬಿಟ್ಟುಕೊಂಡರೆ ನಾನು ಕಳೆದುಕೊಳ್ಳುವುದು ಅಷ್ಟೇ. ವಿಮಾನ ನಿಲ್ದಾಣದಿಂದ ಮೇಖ್ರಿ ವೃತ್ತದವರೆಗೆ ಎಂಟು ಜನರಿಗೆ ದಾರಿ ಬಿಟ್ಟರೂ ಅರ್ಧ ನಿಮಿಷ. ಆ ಸೋಮವಾರದ ಒಂಬತ್ತು ನಿಮಿಷ, ಮುರಿದ ಕನ್ನಡಿಗೆ ತೆತ್ತ ಸಾವಿರದ ಎಂಟುನೂರು ರೂಪಾಯಿ ಇವುಗಳ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದರೆ ನಗು ಬರುತ್ತದೆ.

ಲೆಕ್ಕ ಗೊತ್ತಾದ ಮಾತ್ರಕ್ಕೆ ಸಿಟ್ಟು ಹೋಗಲಿಲ್ಲ. ಸಿಟ್ಟು ಹೋದದ್ದು ಒಂದು ಸಣ್ಣ ಉಪಾಯದಿಂದ. ಸೇರುವ ಜಾಗಕ್ಕೆ ನೂರು ಮೀಟರ್ ಇರುವಾಗಲೇ ಪಕ್ಕದ ಸಾಲಿನಲ್ಲಿ ನನ್ನ ಮುಂದೆ ಬರಬೇಕಾದ ಗಾಡಿ ಯಾವುದು ಎಂದು ನಾನೇ ಆರಿಸಿಕೊಳ್ಳುತ್ತೇನೆ. ಮೊದಮೊದಲು ಬಾಯಿಬಿಟ್ಟು ಹೇಳುತ್ತಿದ್ದೆ: "ಬಿಳಿ ಡಿಸೈರ್, ನೀನು ನನ್ನ ಮುಂದೆ." ಹಿಂದೆ ಕುಳಿತ ಪ್ರಯಾಣಿಕರು ವಿಚಿತ್ರವಾಗಿ ನೋಡಿದ್ದರಿಂದ ಈಗ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಆರಿಸಿದ ಮೇಲೆ ಆ ಗಾಡಿ ಒಳಗೆ ಬಂದರೆ ಏನನ್ನೋ ಕಿತ್ತುಕೊಂಡರು ಎನ್ನಿಸುವುದಿಲ್ಲ, ಕೊಟ್ಟವನು ನಾನು. ಇದರಲ್ಲಿ ಇನ್ನೊಂದು ಗುಣವಿದೆ. ಮೊದಲು ನಾನು ಗಾಡಿಯ ಅಂತಸ್ತು, ಓಡಿಸುವವರ ಮುಖ, ನಂಬರ್ ಫಲಕದ ರಾಜ್ಯ ಇವನ್ನೆಲ್ಲ ನೋಡಿ ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುತ್ತಿದ್ದೆ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಸರದಿಯಿಂದ ಆರಿಸಿದರೆ ಅದಕ್ಕೆ ಎಡೆಯೇ ಇಲ್ಲ.

ಬಿಡುವ ಜಾಗ ಒಂದು ಕಾರಿನಷ್ಟೇ ಇರಬೇಕು. ಎರಡು ಕಾರಿನಷ್ಟು ಬಿಟ್ಟರೆ, ನಾವು ಯಾರಿಗೆ ಬಿಟ್ಟೆವೋ ಅವರು ಬರುವ ಮೊದಲೇ ಮೂರು ಬೈಕುಗಳೂ ಒಂದು ಆಟೋ ಕೂಡ ಅಲ್ಲಿ ಮನೆ ಮಾಡಿರುತ್ತವೆ. ಡಿಪ್-ಡಿಮ್ ಮಾಡಿ ಕರೆಯುವುದನ್ನು ನಾನು ಬಿಟ್ಟೆ. ನಮ್ಮಲ್ಲಿ ದೀಪ ಮಿನುಗಿಸಿದರೆ "ನಾನು ಬರುತ್ತಿದ್ದೇನೆ, ನಿಲ್ಲು" ಎಂದೇ ಹೆಚ್ಚಿನವರಿಗೆ ಅರ್ಥ, ಕರೆದವನೇ ಗದರಿಸಿದಂತಾಗುತ್ತದೆ. ಹಗಲಾದರೆ ಕೈ ತೋರಿಸುತ್ತೇನೆ. ರಾತ್ರಿ ಕೈ ಕಾಣದು. ಆಗ ಮುಂದಿನ ಗಾಡಿ ಹೊರಟರೂ ಒಂದು ಕ್ಷಣ ಅಲುಗಾಡದೆ ನಿಲ್ಲುತ್ತೇನೆ. ನಿಂತ ಚಕ್ರಕ್ಕಿಂತ ಸ್ಪಷ್ಟವಾದ ಸೂಚನೆ ಇನ್ನೊಂದು ಸಿಕ್ಕಿಲ್ಲ.

ನಾನೇ ಸೇರಬೇಕಾದಾಗ ಕಲಿತದ್ದು ಇನ್ನೂ ಹೆಚ್ಚು. ಇಂಡಿಕೇಟರ್ ಬೇಗ ಹಾಕುತ್ತೇನೆ, ಆದರೆ ಮೂತಿಯನ್ನು ಓರೆಯಾಗಿ ತೂರಿಸುವುದಿಲ್ಲ. ಓರೆಯಾದ ಮೂತಿ ಪಕ್ಕದವನಿಗೆ ಬೆದರಿಕೆಯಂತೆ ಕಾಣುತ್ತದೆ, ನೇರವಾಗಿ ಜೊತೆಯಲ್ಲೇ ಸಾಗುವ ಗಾಡಿ ಕೋರಿಕೆಯಂತೆ ಕಾಣುತ್ತದೆ. ಪಕ್ಕದ ಸಾಲಿನ ವೇಗಕ್ಕೆ ನನ್ನ ವೇಗವನ್ನು ಹೊಂದಿಸಿಕೊಳ್ಳುತ್ತೇನೆ. ಈಗಾಗಲೇ ನನ್ನ ಸಮಕ್ಕೆ ಬಂದವನನ್ನು ಹೋಗಲು ಬಿಟ್ಟು, ಅವನ ಹಿಂದಿನವನ ಕಣ್ಣನ್ನು ಕನ್ನಡಿಯಲ್ಲಿ ಹುಡುಕುತ್ತೇನೆ, ಏಕೆಂದರೆ ಯೋಚಿಸಲು ಸಮಯವಿರುವುದು ಅವನಿಗೆ. ಬಾಡಿಗೆಗಿಂತ ಎ.ಸಿ. ಮುಖ್ಯವೆನ್ನುವ ಪ್ರಯಾಣಿಕರಿಲ್ಲದಿದ್ದರೆ ಗಾಜು ಇಳಿಸಿ ಕೈ ಹೊರಗೆ ಹಾಕುತ್ತೇನೆ. ಆಟೋದವರು ಕಾಲು ಚಾಚಿ ತಿರುವು ತೋರಿಸುವುದನ್ನು ಕಂಡು ಹಿಂದೆ ನಗುತ್ತಿದ್ದೆ. ಕತ್ತಲೆ ಗಾಜಿನ ಹಿಂದೆ ಅಡಗಿದ ನಮಗಿಂತ ಆ ಕಾಲಿನ ಮಾತಿಗೆ ಜನ ಬೇಗ ಓಗೊಡುತ್ತಾರೆ. ಒಳಗೆ ಸೇರಿದ ಮೇಲೆ ಕೈ ಎತ್ತಿ ಕೃತಜ್ಞತೆ ತೋರಿಸುತ್ತೇನೆ. ಅದನ್ನು ಕಂಡ ಹಿಂದಿನವನು ಮುಂದಿನ ಸೇರುವಿಕೆಯಲ್ಲಿ ಇನ್ನೊಬ್ಬರಿಗೆ ಜಾಗ ಬಿಡುವುದನ್ನು ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಬಿಡದೆ ಇರುವುದನ್ನೂ ಕಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟವಾದದ್ದು ಹಿಂದಿನಿಂದ ಬರುವ ಹಾರನ್. ಮುಂದಿನವನಿಗೆ ಸೈಡ್ ಕೊಟ್ಟರೆ ಹಿಂದಿನವನಿಗೆ ಸಿಟ್ಟು. ಮುಖ್ಯವಾಗಿ ನಿಲ್ದಾಣದಿಂದ ಹೊರಡುವ ಬಿ.ಎಂ.ಟಿ.ಸಿ. ಬಸ್ಸಿಗೆ ನಿಂತಾಗ ಬೈಗುಳ ಖಂಡಿತ. ಬಸ್ಸಿನೊಳಗೆ ಐವತ್ತು ಜನರಿದ್ದಾರೆ, ನನ್ನ ಗಾಡಿಯಲ್ಲಿ ಇಬ್ಬರು ಎಂದು ಹಿಂದಿನವನಿಗೆ ವಿವರಿಸಲು ಸಾಧ್ಯವಿಲ್ಲ. ಒಂದು ವರ್ಷ ಆ ಸದ್ದಿಗೆ ಮಣಿದು ಎಷ್ಟೋ ಸಲ ಜಾಗ ಮುಚ್ಚಿದ್ದೇನೆ.

ಕಾಂಕ್ರೀಟ್ ಅಂಚಿನ ಮೇಲೆ ಹತ್ತಿ ಎಡದಿಂದ ದಾಟುವವರನ್ನು, ಸರ್ವೀಸ್ ರಸ್ತೆಯಲ್ಲಿ ಎದುರುದಿಕ್ಕಿನಿಂದ ಬರುವವರನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವರಿಗೆ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಇದೆ. 2019ರ ತಿದ್ದುಪಡಿಯಾದ ಮೇಲೆ ಅಪಾಯಕಾರಿ ಚಾಲನೆಗೆ ಮೊದಲ ಸಲವೇ ಜೈಲು ಶಿಕ್ಷೆ ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ ವಿಧಿಸಬಹುದು. ಅಂಥವರಿಗೂ ನಾನು ಜಾಗ ಬಿಡುತ್ತೇನೆ, ಆದರೆ ಸೌಜನ್ಯದಿಂದಲ್ಲ, ನನ್ನ ಬಂಪರ್ ಉಳಿಸಿಕೊಳ್ಳಲು.

2021ರಲ್ಲಿ ಟಿನ್ ಫ್ಯಾಕ್ಟರಿಯ ಬಳಿ ಬೈಕಿನವನೊಬ್ಬ ಅಡ್ಡ ನಿಲ್ಲಿಸಿ ನನ್ನ ಗಾಜು ಬಡಿದ. ಬಾಗಿಲು ಲಾಕ್ ಆಗಿತ್ತು, ಕ್ಯಾಮೆರಾ ಓಡುತ್ತಿತ್ತು, ಫೋನಿನಲ್ಲಿ 112 ಒತ್ತಿ ಸಿದ್ಧವಾಗಿಟ್ಟುಕೊಂಡೆ. ಗಾಜನ್ನು ಎರಡು ಬೆರಳಿನಷ್ಟು ಇಳಿಸಿ, "ತಪ್ಪಾಯ್ತು ಅಣ್ಣ, ನೋಡ್ಲಿಲ್ಲ," ಎಂದೆ. ತಪ್ಪು ನನ್ನದಾಗಿರಲಿಲ್ಲ, ಚಿತ್ರಿಕೆಯನ್ನು ಆಮೇಲೆ ನೋಡಿದಾಗಲೂ ನನ್ನದಾಗಿರಲಿಲ್ಲ. ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದವನು, ಹೇಳಲು ಏನೂ ಉಳಿಯದೆ, "ನೋಡ್ಕೊಂಡು ಓಡ್ಸು," ಎಂದು ಹೊರಟುಹೋದ. ಆ ಸುಳ್ಳು ಕ್ಷಮೆ ನನ್ನ ಗಂಟಲಲ್ಲಿ ಮಾರತ್ತಹಳ್ಳಿಯವರೆಗೂ ಉಳಿದಿತ್ತು. ಅಲ್ಲಿಂದ ಮುಂದೆ ಮರೆತುಹೋಯಿತು.

2025ರ ಆಗಸ್ಟ್‌ನಲ್ಲಿ ಹೆಬ್ಬಾಳದಲ್ಲಿ ಕೆ.ಆರ್.ಪುರದ ಕಡೆಯಿಂದ ನಗರಕ್ಕೆ ಹೊಸ ಲೂಪ್ ತೆರೆದರು. ನೂಕುನುಗ್ಗಲು ಕೊಂಚ ಸಡಿಲವಾದದ್ದು ನಿಜ, ಆದರೆ ಎಷ್ಟು ಲೂಪ್ ಕಟ್ಟಿದರೂ ಅದರ ತುದಿ ಎಲ್ಲೋ ಒಂದು ಕಡೆ ಮುಖ್ಯರಸ್ತೆಗೆ ಸೇರಲೇಬೇಕು. ಈಗ ನನ್ನ ಬಳಿ ಎರಡನೆಯ ಗಾಡಿಯಿದೆ. ಅದನ್ನು ಓಡಿಸಲು ಶಿರಾ ಕಡೆಯ ಇಪ್ಪತ್ತೆರಡರ ಹುಡುಗನೊಬ್ಬ ಬಂದಿದ್ದಾನೆ. ಮೊದಲ ವಾರ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಹೇಳಿಕೊಟ್ಟೆ. ಅವನು ಸೇತುವೆಯ ಮೇಲೆ ಒಂದು ಕಾರಿಗೆ ಬಿಟ್ಟ. ಅದರ ಬಾಲಕ್ಕೆ ಅಂಟಿಕೊಂಡು ಇನ್ನೊಂದೂ ಬಂತು.

"ಒಂದಕ್ಕೆ ಒಂದು ಅಂದ್ರಲ್ಲ ಅಣ್ಣ, ಇದು ಎರಡಾಯ್ತು," ಎಂದು ಅವನು ಹಾರನ್ ಮೇಲೆ ಕೈ ಇಟ್ಟ.

"ಎರಡನೇದು ಅವನ ತಪ್ಪು. ಬಿಡು. ಮೂರನೇದು ಬರೋಕೆ ಮುಂಚೆ ಗಾಡಿ ಮುಂದಕ್ಕೆ ತಗೋ," ಎಂದೆ. ಅವನು ತೆಗೆದುಕೊಂಡ.