ಸಿಸೇರಿಯನ್ ಹೊಲಿಗೆಯ ಪಕ್ಕದ ಗಂಟು

ಶಿರಸಿಯಲ್ಲಿ ಸರ್ಜನ್ ಆಗಿದ್ದೇನೆ. ಸಿದ್ದಾಪುರ ಕಡೆಯ ಹೆಂಗಸೊಬ್ಬರು ಬಂದಿದ್ದರು. ಸಿಸೇರಿಯನ್ ಆಗಿ ನಾಲ್ಕು ವರ್ಷ. ಹಳೇ ಗಾಯದ ಎಡತುದಿಯಲ್ಲಿ ಗೋಟಡಿಕೆಯಷ್ಟು ಗಟ್ಟಿ ಗಂಟು. ಹೊಲಿಗೆ ದಾರ ಒಳಗೆ ಉಳಿದಿದೆ ಅಂತ ಬೇರೆ ಕಡೆ ಎರಡು ಸಲ ಮಾತ್ರೆ ಕೊಟ್ಟಿದ್ದರಂತೆ. ನಾನೂ ಮೊದಲು ಹರ್ನಿಯಾ, ಅಂದರೆ ಗೋಡೆ ಸಡಿಲಾಗಿ ಒಳಗಿನದು ಹೊರಗೆ ಉಬ್ಬುವುದು, ಇರಬಹುದು ಅಂದುಕೊಂಡೆ. ಕೆಮ್ಮಿಸಿ ನೋಡಿದೆ, ಹರ್ನಿಯಾದ ಹಾಗೆ ಗಂಟು ಉಬ್ಬಲಿಲ್ಲ.

"ಯಾವಾಗ ನೋಯ್ತದೆ ತಂಗೀ?" ಅಂದೆ. ಅತ್ತೆಯ ಮುಖ ನೋಡಿ ಸುಮ್ಮನಾದರು. ಅತ್ತೆ ಎದ್ದು ಹೋದ ಮೇಲೆ ಮೆಲ್ಲಗೆ ಹೇಳಿದರು: "ಹೊರಗಾದಾಗ ಜಾಸ್ತಿ ಡಾಕ್ಟ್ರೇ. ಆ ನಾಲ್ಕು ದಿನ ಸೀರೆ ನೆರಿಗೆ ತಾಗಿದ್ರೂ ಜೀವ ಹೋಗ್ತದೆ."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಇದು ಎಂಡೊಮೆಟ್ರಿಯೋಸಿಸ್. ಸಿಸೇರಿಯನ್ ಮಾಡುವಾಗ ಗರ್ಭಕೋಶದ ಒಳಪದರದ ಚೂರು ಗಾಯದಲ್ಲಿ ಸೇರಿಕೊಂಡು, ಹೊಟ್ಟೆಯ ಗೋಡೆಯಲ್ಲೇ ಬೇರೂರುತ್ತದೆ. ಪ್ರತಿ ತಿಂಗಳೂ ಅದೂ ಊದುತ್ತದೆ, ಅದರಿಂದಲೂ ರಕ್ತ ಬರುತ್ತದೆ. ಹೊರಗೆ ಹೋಗಲು ದಾರಿ ಎಲ್ಲಿದೆ? ಎಲ್ಲರಿಗೂ ಹೀಗೆ ತಿಂಗಳ ಲೆಕ್ಕದಲ್ಲೇ ನೋಯುವುದಿಲ್ಲ, ಕೆಲವರಿಗೆ ದಿನವೂ ನೋವು. ಅದಕ್ಕೇ ರೋಗ ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಮುಟ್ಟಿನ ದಿನವೇ ಬರಹೇಳಿ ಸ್ಕ್ಯಾನಿಂಗ್ ಮಾಡಿಸಿದೆ. ಅಂಚು ಸಮ ಇಲ್ಲದ ಕಪ್ಪು ಗಡ್ಡೆ, ಒಳಗೆ ರಕ್ತದ ಓಡಾಟ. ಕಿಬ್ಬೊಟ್ಟೆಯನ್ನೂ ನೋಡಿಸಿದೆ, ಅಲ್ಲಿ ಏನೂ ಕಾಣಲಿಲ್ಲ. ಹಾರ್ಮೋನ್ ಮಾತ್ರೆಯಿಂದ ನೋವು ತಗ್ಗುತ್ತದೆ, ಗಂಟು ಹೋಗುವುದಿಲ್ಲ. ಬಿಟ್ಟರೆ ನೋವು ಮತ್ತೆ ಶುರು. ಆಪರೇಷನ್ನೇ ಸರಿ ಅಂತ ಇಬ್ಬರೂ ಒಪ್ಪಿಕೊಂಡೆವು.

ಅರಿವಳಿಕೆ ಕೊಡುವ ಮೊದಲು ಅವರ ಬೆರಳಿಂದಲೇ ಜಾಗ ತೋರಿಸಿ ಅಂದೆ, ಪೆನ್ನಿನಲ್ಲಿ ಸುತ್ತು ಹಾಕಿದೆ. ಮಲಗಿಸಿ ಚರ್ಮ ಕೊಯ್ದ ಮೇಲೆ ಗಂಟಿನ ಅಂಚು ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ತಿಳಿಯುತ್ತದೆ. ಸುತ್ತ 1 ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದೆ. ಇದರಲ್ಲಿ ಕಂಜೂಸಿ ಮಾಡಬಾರದು, ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಸ್ನಾಯುವಿನ ಮೇಲಿನ ಬಿಳಿ ಪದರ ಸ್ವಲ್ಪ ಹೋಯಿತು. ಆ ತೂತಿಗೆ ತೇಪೆಯಂತೆ ಹಾಕುವ ಜಾಲರಿ ತಯಾರಿಟ್ಟಿದ್ದೆ, ಆದರೆ ಅಂಚು ಎಳೆತವಿಲ್ಲದೆ ಕೂಡಿದ್ದರಿಂದ ಹೊಲಿದೇ ಮುಚ್ಚಿದೆ.

ಟ್ರೇನಲ್ಲಿ ಗಂಟನ್ನು ಸೀಳಿದೆವು. ಬಿಳಿ ನಾರಿನ ನಡುವೆ ಸಣ್ಣ ಸಣ್ಣ ಗುಳಿ, ಅದರಲ್ಲಿ ಜೋನಿಬೆಲ್ಲದ ಬಣ್ಣದ ಹಳೇ ರಕ್ತ. ನಾಲ್ಕು ವರ್ಷದ ನೋವು ಅಷ್ಟೇ ಜಾಗದಲ್ಲಿತ್ತು. ನನಗೆ ತುಂಬಾ ಬೇಜಾರಾಯಿತು. ನೋವು ಯಾವಾಗ ಅಂತ ಕೇಳದೆ ನಾನೇ ಕಳಿಸಿದವರು ಎಷ್ಟು ಜನರೋ.

ಬಯಾಪ್ಸಿಯೂ ಅದನ್ನೇ ಹೇಳಿತು. ಮೂರು ತಿಂಗಳ ಮೇಲೆ ಬಂದಾಗ ಮುಟ್ಟಿನ ಎರಡನೇ ದಿನ, ಗಾಯ ಒತ್ತಿದರೂ ನೋವಿಲ್ಲ ಅಂದರು. ಮತ್ತೆ ಬರುವುದು ಕಡಿಮೆ, ಬರುವುದೇ ಇಲ್ಲ ಅಂತಲ್ಲ. ಅಲ್ಲಿ ಮತ್ತೆ ಗಂಟು ಕೈಗೆ ಸಿಕ್ಕಿದರೆ ಕಾಯದೆ ಬನ್ನಿ ಅಂದಿದ್ದೇನೆ.